ದಿನಕರ ಭಾವನ ಹೆಲಿಕಾಪ್ಟರಿಗೆ ನಾಲ್ಕು ಲಿಂಬೆಹಣ್ಣು

ಮೇಲಿನ ರೆಕ್ಕೆ ಕಳಚಿಕೊಂಡು ಅದು ಕಲ್ಯಾಣದ ಕಡೆಗೂ ನಾವು ಕರ್ಜತದ ಕಡೆಗೂ ಹೋಗಬಹುದಿತ್ತು. ಇದ್ದದ್ದೊಂದೇ ಎಂಜಿನ್, ಅದಕ್ಕೆ ನಡು ಆಕಾಶದಲ್ಲಿ ಬೇಸರ ಬರಬಹುದಿತ್ತು. ಬಾಗಿಲು ತೆರೆದುಕೊಳ್ಳಬಹುದಿತ್ತು. ಹದ್ದು ಬಂದು ಬಡಿಯಬಹುದಿತ್ತು. ಪೈಲಟ್‌ಗೆ ಸೀನು ಬರಬಹುದಿತ್ತು. ಒಂದೂ ಆಗಲಿಲ್ಲ. ವಾರವಿಡೀ ನಿದ್ದೆಗೆಟ್ಟು ಇವನ್ನೆಲ್ಲ ಊಹಿಸಿಟ್ಟುಕೊಂಡಿದ್ದ ನನಗೆ ತುಸು ನಿರಾಸೆಯೇ ಆಯಿತೆನ್ನಿ!

ದಿನಕರ ಭಾವ ನನ್ನ ಹೆಂಡತಿಯ ಅಣ್ಣ. ನೆರೂಳದಲ್ಲಿ ಅವರದು ಎರಡು ಹೋಟೆಲು. ಬೇರೆ ಯಾರಾದರೂ ಆಗಿದ್ದರೆ ಮೂರನೆಯದನ್ನು ತೆರೆಯುತ್ತಿದ್ದರು. ಇವರು ಪ್ರವಾಸಿಗರನ್ನು ಆಕಾಶದಲ್ಲಿ ಒಂದು ಸುತ್ತು ಹಾಕಿಸಲು ಸೆಕೆಂಡ್ ಹ್ಯಾಂಡ್ ಹೆಲಿಕಾಪ್ಟರ್ ಕೊಳ್ಳಲು ಹೊರಟರು.

"ಕೊಳ್ಳುವ ಮೊದಲು ಡೊಂಬಿವಲಿ ಮೇಲೆ ಒಂದು ಸುತ್ತು ಹಾರಿ ನೋಡುವ, ನೀವೂ ಬನ್ನಿ ಭಾವ" ಎಂದರು. "ಯಂತ್ರ ನೋಡ್ಲಿಕ್ಕೆ ಎಂಜಿನಿಯರ್ ಇದ್ದಾನೆ. ಹೆದರ್ಲಿಕ್ಕೆ ಒಬ್ಬರು ಬೇಕು."

ನಾನು ಒಪ್ಪಿದ್ದು ಅಮ್ಮನಿಗಾಗಿ. ಡೊಂಬಿವಲಿಯ ಅದೇ ಹಳೆಯ ಬಿಲ್ಡಿಂಗಿನಲ್ಲಿ ನಾವು ಈಗಲೂ ಇದ್ದೇವೆ. ನಾನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಹೆಲಿಕಾಪ್ಟರಿನ ಸದ್ದು ಕೇಳಿದರೆ ಸಾಕು, ನಾಲ್ಕೂ ಮಾಳಿಗೆಯವರು ಟೆರೇಸಿಗೆ ಓಡುತ್ತಿದ್ದರು. ಅಮ್ಮ ದೋಸೆಯನ್ನು ಕಾವಲಿಯ ಮೇಲೆಯೇ ಬಿಟ್ಟು, ಸಟ್ಟುಗ ಹಿಡಿದುಕೊಂಡೇ ಓಡುತ್ತಿದ್ದಳು. ಆ ಕರಟಿದ ದೋಸೆಯ ರುಚಿ ಈಗ ಯಾವ ಹೋಟೆಲಿನಲ್ಲೂ ಇಲ್ಲ.

"ಎಷ್ಟು ಕೈ ಬೀಸಿದೆವು ಮಾರಾಯ! ಒಬ್ಬನಾದರೂ ತಿರುಗಿ ಬೀಸಿದನಾ?" ಎಂದಳು ಅಮ್ಮ. "ನೀನಾದರೂ ಬೀಸು. ನಾನು ಟೆರೇಸಿನಲ್ಲಿ ಇರ್ತೇನೆ."

ಲಿಫ್ಟಿಲ್ಲದ ಬಿಲ್ಡಿಂಗು, ಅವಳದು ಮೊಣಕಾಲು ನೋವು. ಮಾತು ಕೊಟ್ಟೆ.

ಬದಲಾಪುರದ ಆಚೆಯ ಹೆಲಿಪ್ಯಾಡಿಗೆ ಭಾವ ಹಾರ, ತೆಂಗಿನಕಾಯಿ, ನಾಲ್ಕು ಲಿಂಬೆಹಣ್ಣಿನೊಂದಿಗೆ ಬಂದರು. ಲಿಂಬೆಹಣ್ಣು ಜಜ್ಜದೆ ನಮ್ಮಲ್ಲಿ ಸ್ಕೂಟರೂ ಹೊರಡುವುದಿಲ್ಲ. ಬಗ್ಗಿ ನೋಡಿದರೆ ಚಕ್ರವೇ ಇಲ್ಲ! ಎರಡು ಉದ್ದನೆಯ ಕೊಳವೆ, ಅಷ್ಟೇ. ನಾನು ಸಕಲ ಗಾಂಭೀರ್ಯದಿಂದ ಕೊಳವೆಗಳ ಮುಂದೆ ಲಿಂಬೆ ಜೋಡಿಸಿದೆ.

"ಕಾಕಾ, ಹೇ ಪುಢೇ ನಾಹೀ, ವರ್ ಜಾತೇ!" ಎಂದರು ಮರಾಠಿ ಕ್ಯಾಪ್ಟನ್. ಮುಂದಕ್ಕಲ್ಲ, ಇದು ಮೇಲಕ್ಕೆ ಹೋಗುವಂಥದ್ದು!

"ಲಿಂಬೆ ಜಜ್ಜದೆ ನಾನಂತೂ ಹತ್ತುವುದಿಲ್ಲ" ಎಂದು ಭಾವ ಕೈಕಟ್ಟಿ ನಿಂತರು.

ಕೊನೆಗೆ ನಾನೇ ಚಕ್ರವಾದೆ. ಮೂರನ್ನು ಯಶಸ್ವಿಯಾಗಿ ತುಳಿದೆ. ನಾಲ್ಕನೆಯದು ಜಾರಿತು. ಹೆಲಿಕಾಪ್ಟರಿಗಿಂತ ಮೊದಲು ನೆಲ ಬಿಟ್ಟವನು ನಾನೇ!

ಬೆನ್ನು ಒರೆಸಿಕೊಂಡು ಹತ್ತಿದೆ. ಹಾರಿದೆವು. "ಭಾವ, ಡೊಂಬಿವಲಿ! ಅಗೋ ನಿಮ್ಮ ಟೆರೇಸು!" ಎಂದು ದಿನಕರ ಭಾವ ನನ್ನ ಕಿವಿಯ ಮೇಲಿನ ಹೆಡ್‌ಫೋನಿನಲ್ಲಿ ಕೂಗಿದರು. ಸುಖವಾಗಿ ಇಳಿದೆವು. ವ್ಯಾಪಾರವೂ ಕುದುರಿತು.

ಸಂಜೆ ಮನೆಗೆ ಬಂದರೆ ಅಮ್ಮ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಅರಳಿ ಕೂತಿದ್ದಳು.

"ಕಂಡೆ ಮಾರಾಯ! ಎಷ್ಟು ಕೆಳಗೆ ಬಂದಿದ್ದಿ! ಎರಡೂ ಕೈ ಬೀಸಿದಿ ಅಲ್ಲವಾ? ಮೇಲಿಂದ ನಾನು ಹೇಗೆ ಕಂಡೆ?"

"ಸಣ್ಣದಾಗಿ" ಎಂದೆ.

ಹೆಂಡತಿ ನನ್ನ ಮುಖವನ್ನೇ ನೋಡಿದಳು. ಅವಳಿಗೆ ಅಣ್ಣನ ಫೋನು ಬಂದಾಗಿತ್ತು.

ಎರಡೂ ಕೈ ಬೀಸಿದ್ದು ದಿನಕರ ಭಾವ. ನನ್ನ ಎರಡೂ ಕೈ ಸೀಟನ್ನು ಬೀಳದಂತೆ ಹಿಡಿದುಕೊಂಡಿದ್ದವು. ಇನ್ನು ಕಣ್ಣುಗಳು: ಬದಲಾಪುರದಲ್ಲಿ ಮುಚ್ಚಿದವನು ಬದಲಾಪುರದಲ್ಲೇ ತೆರೆದೆ.