ಅವ್ವನಿಗೆ ಮೂರು ವಾಟ್

ನನ್ನ ಕಿವಿಯ ಬಗ್ಗೆ ನನಗೆ ಮೊದಲಿನಿಂದಲೂ ಜಂಬ. ನಾಗಪುರದ ಹಿಂಗಣಾದ ಕಾರ್ಖಾನೆಯೊಂದರ ಪ್ರೆಸ್ ಶಾಪಿನಲ್ಲಿ ಮೂವತ್ತೊಂದು ವರ್ಷ ನಿಂತವನು ನಾನು. ಹನ್ನೆರಡು ಪ್ರೆಸ್ಸುಗಳು ಒಟ್ಟಿಗೆ ತಗಡು ಗುದ್ದುತ್ತಿರುವಾಗ, ಏಳನೆಯದರ ಬೇರಿಂಗ್ ಸವೆದಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಇಂಥ ಕಿವಿಯುಳ್ಳವನು ಹೆತ್ತ ತಾಯಿಯ ಧ್ವನಿಯನ್ನು ಕಂಡಕಂಡ ಡಬ್ಬಿಯಲ್ಲಿ ಕೇಳುವುದೇ? ಅವ್ವನ ವರ್ಷದ ತಿಥಿಗೆ ಅವಳ ಕ್ಯಾಸೆಟ್ಟನ್ನು ರಾಜಠೀವಿಯಲ್ಲಿ ಕೇಳಿಸುತ್ತೇನೆಂದು ಯುಗಾದಿಯ ದಿನವೇ ಶಪಥ ಮಾಡಿದೆ.

ಇದ್ದದ್ದು ಅದೊಂದೇ ಕ್ಯಾಸೆಟ್. ಇಪ್ಪತ್ತೆಂಟು ವರ್ಷಗಳ ಹಿಂದೆ ಗುಳೇದಗುಡ್ಡದಲ್ಲಿ ಅವ್ವ ಬೇಳೆ ಒಡೆಯುತ್ತಾ ಹಾಡಿದ್ದನ್ನು ತುಂಬಿಕೊಂಡು ತಂದಿದ್ದೆ. ಅವಳು ಬದುಕಿರುವವರೆಗೆ ಫೋನಿತ್ತು, ಕ್ಯಾಸೆಟ್ ಕಪಾಟಿನಲ್ಲೇ ಉಳಿಯಿತು. ಕೊನೆಯ ಎರಡು ವರ್ಷವಂತೂ ಫೋನಿನಲ್ಲಿ ಅವ್ವನ ಮಾತು ತೀರಾ ಸಣ್ಣಗಾಗಿತ್ತು. "ನೆಟ್‌ವರ್ಕ್ ಇಲ್ಲವ್ವಾ" ಎಂದು ಫೋನನ್ನು ಹೆಂಡತಿ ಅನಸೂಯಳ ಕೈಗೆ ಕೊಟ್ಟುಬಿಡುತ್ತಿದ್ದೆ.

ಕಾರ್ಖಾನೆಯ ಗೆಳೆಯ ಚಿದಂಬರ ನಾಗಪುರ ಬಿಡುವಾಗ ತಾನೇ ಕಟ್ಟಿದ ವಾಲ್ವ್ ಆಂಪ್ಲಿಫೈಯರನ್ನು ನನಗೆ ಕೊಟ್ಟುಹೋಗಿದ್ದ. ಗಾಜಿನ ವಾಲ್ವುಗಳು ಕೆಂಪಗೆ ಹೊತ್ತಿಕೊಂಡರೆ ದೇವರ ಮುಂದೆ ದೀಪ ಹಚ್ಚಿದ ಹಾಗೆ ಕಾಣುತ್ತಿತ್ತು. ಶಕ್ತಿ ಮೂರೇ ವಾಟ್. ಇರಲಿ, ಅದಕ್ಕೆ ಘನವಾದ ಜೋಡಿ ಹುಡುಕಬೇಕೆಂದು ಸೀತಾಬರ್ಡಿ ಪೇಟೆಗೆ ಹೋಗಿ ಎದೆಯೆತ್ತರದ ಎರಡು ಸ್ಪೀಕರ್ ಆರಿಸಿದೆ.

ಇವಕ್ಕೆ ನೂರು ವಾಟ್ ಬೇಕು, ನಿಮ್ಮದು ಎಷ್ಟು ಎಂದು ಅಂಗಡಿಯವನು ಕೇಳಿದ: "ಕಾಕಾ, ಇನಕೋ ಸೌ ವಾಟ್ ಲಗೇಗಾ. ಆಪಕಾ ಕಿತನಾ ಹೈ?"

"ತೀನ್."

"ತೀನ್ ಸೌ?"

"ತೀನ್."

ಅವನು ಸ್ಪೀಕರ್ ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟ. "ಮಗ್ ತುಮಚೀ ವಾಟ್ ಲಾಗಲೀ, ಕಾಕಾ."

ಮರಾಠಿಯಲ್ಲಿ 'ವಾಟ್ ಲಾಗಲೀ' ಎಂದರೆ ಗತಿ ಕೆಟ್ಟಿತು ಎಂದು. ನೂರು ವಾಟ್ ಕುಡಿಯುವ ಸ್ಪೀಕರಿಗೆ ಮೂರು ವಾಟ್ ಎಂದರೆ ಪೈಲವಾನನಿಗೆ ಚಮಚದಲ್ಲಿ ಗಂಜಿ ಕುಡಿಸಿದಂತೆ ಎಂದು ಬೇರೆ ಹೇಳಿದ. ಇಂಥ ಕಿವಿಯ ಗಿರಾಕಿಯನ್ನು ಅವನು ಕಂಡಿಲ್ಲ ಪಾಪ, ಎಂದುಕೊಂಡು ಆಟೋದಲ್ಲಿ ಏರಿಸಿಯೇ ಬಿಟ್ಟೆ.

"ಇವೇನ್ರೀ, ಎರಡು ಕಪಾಟು ತಂದೀರಿ?" ಅನಸೂಯ ಬಾಗಿಲಲ್ಲೇ ನಿಂತಳು.

"ಸ್ಪೀಕರ್."

"ಬಾಗಿಲ ಗಂಟಿ ಕೇಳಂಗಿಲ್ಲ ನಿಮಗ. ಇದರಾಗ ಏನ್ ಕೇಳ್ತೀರಿ?"

"ಗಂಟಿ ಕೆಟ್ಟೈತಿ."

"ಹ್ವಾದ ತಿಂಗಳಷ್ಟ ಹೊಸಾದು ಹಾಕ್ಸೀವಿ."

"ಹೊಸಾದೂ ಕೆಟ್ಟೈತಿ."

ತಿಥಿಯ ದಿನ ಊಟ ಮುಗಿದ ಮೇಲೆ ಹಳೆಯ ಟೇಪ್ ರೆಕಾರ್ಡರನ್ನು ಆಂಪ್ಲಿಫೈಯರಿಗೆ ಜೋಡಿಸಿ ಕ್ಯಾಸೆಟ್ ಹಾಕಿದೆ. ಅನಸೂಯ, ಮಗಳು ಪ್ರೇಕ್ಷಾ ಚಾಪೆಯ ಮೇಲೆ ಕುಳಿತರು. ವಾಲ್ವುಗಳು ಹೊತ್ತಿಕೊಂಡವು. ಶಬ್ದವಿಲ್ಲ. "ಕೂಲರ್ ಆರ್ಸು" ಎಂದೆ. ನಾಗಪುರದ ಮೇ ತಿಂಗಳಲ್ಲಿ ಈ ಮಾತು ಆಡಿದ ಗಂಡಸು ನಾನೊಬ್ಬನೇ ಇರಬೇಕು. ಆರಿಸಿದರು. ಆಮೇಲೆ ಫ್ಯಾನ್. ಆಮೇಲೆ ಫ್ರಿಜ್. ಗಡಿಯಾರದ ಸೆಲ್ಲನ್ನೂ ತೆಗೆಸಿದೆ. ಮೂವರೂ ಬೆವರಿನಲ್ಲಿ ತೊಯ್ದೆವು. ವಾಲ್ಯೂಮ್ ಪೂರ್ತಿ ತಿರುಗಿಸಿ ಸ್ಪೀಕರಿನ ಬಟ್ಟೆಗೆ ಕಿವಿ ಒತ್ತಿದೆ.

"ಬರೋಬರಿ ಹೇಳಿದ್ದ ಅಂಗಡಿಯವ. ಮೂರು ವಾಟಿಗೆ ಇವು ಉಸಿರs ಎತ್ತವಲ್ವು" ಎಂದು ತಿರುಗಿ ನೋಡಿದೆ.

ಅನಸೂಯ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಕನ್ನಡ ಓದಲೂ ಬಾರದ ಪ್ರೇಕ್ಷಾ ಕೂಡ ಅಳುತ್ತಿದ್ದಳು.

"ಯಾಕ? ಏನಾತು?"

"ಅತ್ತಿ ಹಾಡಾಕತ್ತಾರ್ರಿ" ಎಂದು ಕೂಗಿ ಹೇಳಿದಳು ಅನಸೂಯ.

"ಎಲ್ಲಿ?"

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಅನಸೂಯ ಎದ್ದು ಬಂದು ನನ್ನ ಕಿವಿಯ ಹತ್ತಿರ ಬಾಯಿ ತಂದಳು.

"ಆಂಪ್ಲಿಫೈಯರ್ ಚಲೋ ಐತ್ರಿ. ಸ್ಪೀಕರೂ ಚಲೋ ಅದಾವು."

ನನಗೆ ಬಾಗಿಲ ಗಂಟೆ ನೆನಪಾಯಿತು. ಅದರ ಹಿಂದೆಯೇ ಫೋನು. ಅಂದರೆ ನೆಟ್‌ವರ್ಕ್ ಕೂಡ ಸರಿಯಿತ್ತು. ಅವ್ವ ಎರಡು ವರ್ಷ ನನ್ನ ಜೊತೆ ಮಾತಾಡುತ್ತಲೇ ಇದ್ದಳು, ನಾನು ಫೋನನ್ನು ದಾಟಿಸುತ್ತಲೇ ಇದ್ದೆ. ಆ ಸೆಕೆಯಲ್ಲಿ, ಹೆಂಡತಿ ಮಗಳ ಮುಂದೆ, ಸ್ಪೀಕರನ್ನು ತಬ್ಬಿಕೊಂಡು ಹುಡುಗನ ಹಾಗೆ ಅತ್ತುಬಿಟ್ಟೆ.

ಅನಸೂಯ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಚ್ಚಿದಳು. ಒಂದೊಂದು ಸಾಲನ್ನು ಕೇಳಿ, ನಿಲ್ಲಿಸಿ, ನನ್ನ ಕಿವಿಗೆ ಕೈ ಅಡ್ಡ ಹಿಡಿದು ಗಂಟಲು ಹರಿಯುವಂತೆ ಹಾಡತೊಡಗಿದಳು. ಅವಳಿಗೆ ಶ್ರುತಿಯಿಲ್ಲ, ತಾಳವಿಲ್ಲ. ಹಾಡು ಮುಗಿದ ಮೇಲೆ ಕ್ಯಾಸೆಟ್ಟಿನಲ್ಲಿ ಮಾತೊಂದು ಉಳಿದಿತ್ತಂತೆ. ಅದನ್ನು ಅವ್ವನ ಧಾಟಿಯಲ್ಲೇ ಕೂಗಿದಳು:

"ಗಿರ್ಯಾ, ಸಾಕು ಆರ್ಸೋ ಆ ಪೆಟ್ಟಿಗಿ. ಸುಮ್ನ ಕರೆಂಟ್ ಸುಡ್ತೈತಿ. ಉಣ್ಣಾಕ ಬಾ."

"ಬಂದೆ ಅವ್ವಾ" ಎಂದೆ.

ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತಂತೆ. ಬಾಗಿಲಲ್ಲಿ ಪಕ್ಕದ ಮನೆಯ ವಾನಖೇಡೆ ಕಾಕೂ. ಅವರು ಹೇಳಿದ್ದನ್ನು ಪ್ರೇಕ್ಷಾ ನನ್ನ ಕಿವಿಯಲ್ಲಿ ಕೂಗಿ ತಿಳಿಸಿದಳು: "ಪಪ್ಪಾ, ನಮ್ಮ ಹೊಸಾ ಸ್ಪೀಕರ್ ಭಾಳ ಜೋರ್ ಐತಂತ. ಎಷ್ಟು ವಾಟ್ ಅಂತ ಕೇಳಾಕತ್ತಾರ."

ಅನಸೂಯ ಗಂಟಲು ಕಟ್ಟಿಕೊಂಡು ಬಿಸಿನೀರು ಕುಡಿಯುತ್ತಿದ್ದಳು. ಇಂಥ ಗಂಟಲನ್ನು ಮೂವತ್ತು ವರ್ಷ ಮನೆಯಲ್ಲಿಟ್ಟುಕೊಂಡೂ ಎಷ್ಟು ವಾಟ್ ಎಂದು ನಾನು ನೋಡಿರಲೇ ಇಲ್ಲ.