ಸೇತುಮಾಧವರಾಯರ ಮಡಿ ಕಂಪ್ಯೂಟರು

ತಮ್ಮ ಮೈಯಲ್ಲಿ ಉಸಿರಿರುವ ತನಕ ತಮ್ಮ ಕಂಪ್ಯೂಟರಿಗೆ ನೆಗಡಿಯೂ ಬರಗೊಡುವುದಿಲ್ಲವೆಂದು ಹತ್ತಿ ದಲಾಲಿ ಸೇತುಮಾಧವರಾಯರು ಆದವಾನಿಯ ಮಾರ್ಕೆಟ್ ಯಾರ್ಡಿನಲ್ಲಿ, ಚಹಾದ ಕಪ್ಪನ್ನು ಕೆಳಗಿಟ್ಟು ಸಾರಿದರು. ರಾಯರು ಕಪ್ಪು ಕೈಯಲ್ಲಿ ಹಿಡಿದು ಆಡಿದ್ದು ವ್ಯಾಪಾರದ ಮಾತು, ಬೇಕಾದರೆ ಬದಲಾಗುತ್ತದೆ. ಕಪ್ಪು ಕೆಳಗಿಟ್ಟು ಆಡಿದರೆ ಅದು ಪ್ರತಿಜ್ಞೆ. ಯಾರ್ಡಿಗೆ ಯಾರ್ಡೇ ಇದನ್ನು ಬಲ್ಲದು.

ಅದು ಎಂಬತ್ತೆಂಟನೆಯ ಇಸವಿಯ ಡಿಸೆಂಬರು. ಆ ಕಂಪ್ಯೂಟರನ್ನು ರಾಯರು ಎರಡು ವರ್ಷದ ಹಿಂದೆ, ಬಾಗಿಲು ಹಾಕಿದ ಮುಂಬಯಿಯ ಕಂಪನಿಯೊಂದರ ಹರಾಜಿನಲ್ಲಿ ಹಿಡಿದು ತಂದಿದ್ದರು. ಅದಕ್ಕೆ ಫ್ಲಾಪಿ ನುಂಗುವ ಎರಡು ಬಾಯಿ, ನುಂಗಿದ್ದನ್ನು ಇಟ್ಟುಕೊಳ್ಳುವ ಹಾರ್ಡ್ ಡಿಸ್ಕೆಂಬ ಹೊಟ್ಟೆ ಮಾತ್ರ ಇಲ್ಲ. ಅದರ ಬುದ್ಧಿಗೆ ಡಾಸ್ ಎಂದು ಹೆಸರು. ಆ ಬುದ್ಧಿ ಯಂತ್ರದೊಳಗೆ ಇರಲಿಲ್ಲ. ಹಪ್ಪಳದಷ್ಟಗಲದ ಒಂದು ಕರಿ ಫ್ಲಾಪಿಯಲ್ಲಿತ್ತು. ಬೆಳಿಗ್ಗೆ ಫ್ಲಾಪಿಯನ್ನು ಒಂದು ಬಾಯಿಗೆ ಇಟ್ಟರೆ ಯಂತ್ರಕ್ಕೆ ತಾನು ಯಾರೆಂಬುದು ನೆನಪಾಗುತ್ತಿತ್ತು. ಇನ್ನೊಂದು ಬಾಯಿ ಲೆಕ್ಕಪಟ್ಟಿಯ ಫ್ಲಾಪಿಗೆ. ಸಂಜೆ ಗುಂಡಿ ಆರಿಸಿದರೆ ಎಲ್ಲವೂ ಮರೆತುಹೋಗುತ್ತಿತ್ತು. ಲೋಕದ ಜನ ಮೂರನೆಯ ಡಾಸಿಗೆ ಹೋಗಿ ಕುಳಿತಿದ್ದರೂ ರಾಯರ ಮನೆಯಲ್ಲಿ ಇನ್ನೂ ಎರಡನೆಯದೇ ನಡೆದಿತ್ತು.

ಯಂತ್ರವನ್ನು ಅಂಗಡಿಯಲ್ಲಿಟ್ಟರೆ ಹತ್ತಿಯ ಎಳೆ ಹೊಕ್ಕು ಉಸಿರು ಕಟ್ಟುತ್ತದೆಂದು ಮನೆಯಲ್ಲಿಟ್ಟಿದ್ದರು. ಅಡಿಗೆಮನೆಗೆ ಹೊಂದಿಕೊಂಡ ಕಿರುಕೋಣೆ ಅದಕ್ಕೆ ಸಿಕ್ಕಿತು. ಅಲ್ಲಿದ್ದ ಹೆಂಡತಿ ಅನ್ನಪೂರ್ಣಾಬಾಯಿಯವರ ಉಪ್ಪಿನಕಾಯಿ ಜಾಡಿಗಳು ಮಂಚದ ಕೆಳಗೆ ಹೋದವು.

ಈ ಸಲ ಪ್ರತಿಜ್ಞೆಗೆ ಕಾರಣವಿತ್ತು. ಮುಂಬಯಿಯ ದೊಡ್ಡ ನೂಲಿನ ಗಿರಣಿಯೊಂದು ಆದವಾನಿಯಲ್ಲಿ ಒಬ್ಬನೇ ಏಜಂಟನನ್ನು ನೇಮಿಸುವುದಿತ್ತು. ಒತ್ತಿ ಕಟ್ಟಿದ ಮೂಟೆ, ಅಂದರೆ ಬೇಲು, ಯಾವ ಬೇಲಿನಲ್ಲಿ ಯಾವ ತಳಿಯ ಹತ್ತಿ, ಎಳೆ ಎಷ್ಟುದ್ದ ಎಂಬ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತೆಗೆದುಕೊಡುವವನಿಗೇ ಏಜೆನ್ಸಿ. ಗಿರಣಿಯ ಸಾಹೇಬರು ಬುಧವಾರ ಬಂದು ಕಣ್ಣಾರೆ ನೋಡಿ ಹೋಗುವವರು. ಕಣದಲ್ಲಿದ್ದವರು ಇಬ್ಬರು: ರಾಯರು, ಮತ್ತು ಹೈದರಾಬಾದಿನಿಂದ ಹೊಸಾ ಮಷಿನ್ ತರಿಸಿದ್ದ ಭೀಮಲಿಂಗಪ್ಪ. ಅವನದಕ್ಕೆ ಹೊಟ್ಟೆಯೂ ಇತ್ತು.

ರಾಯರು ಬಳ್ಳಾರಿಯಿಂದ ಕಂಪ್ಯೂಟರ್ ರಿಪೇರಿಯ ಗೋವಿಂದಪ್ಪನನ್ನು ಕರೆಸಿದರು. ಅವನು ಯಂತ್ರದ ಬೆನ್ನು ಬಿಚ್ಚಿ, ಧೂಳು ಊದಿ, ಮತ್ತೆ ಮುಚ್ಚಿದ.

"ರಾಯರೇ, ಈ ಡಾಸ್ ಮುದುಕ ಆಗೈತಿ. ಮೂರರದು ಹಾಕಿಸ್ರಿ."

"ಮೂರರದ್ರಾಗ ನಮ್ಮ ಬೇಲಿನ ಪಟ್ಟಿ ತೆರೀತದೇನು?"

"ಇಲ್ರಿ. ಅದನ್ನ ಹೊಸಾದು ಬರೆಸಬೇಕಾಕೈತಿ."

"ಮತ್ತ? ನಮ್ಮ ಮನ್ಯಾಗಿನ ಹುಣಸೆಹಣ್ಣು ಐದು ವರ್ಷದ್ದು, ಗೊತ್ತದೇನು? ಹೊಸಾದು ಹಾಕಿದ್ರ ಸಾರು ಸಾರಾಗಂಗಿಲ್ಲ."

"ಹುಣಸೆಹಣ್ಣಿಗೆ ರೋಗ ಬರಂಗಿಲ್ರಿ. ಇದಕ್ಕ ಬರತೈತಿ," ಎಂದು ಗೋವಿಂದಪ್ಪ ದನಿ ತಗ್ಗಿಸಿದ. "ವೈರಸ್ ಅಂತ ಒಂದು ಹೊಂಟೈತ್ರಿ. ಹೊರಗಿನ ಫ್ಲಾಪಿ ನಿಮ್ಮ ಮಷಿನ್ ಮುಟ್ಟಿದ್ರ ಮಷಿನ್ನಿಗೆ ಹತ್ತತೈತಿ. ಆಮ್ಯಾಲ ಮಷಿನ್ ಮುಟ್ಟಿದ ಫ್ಲಾಪಿಗೆಲ್ಲಾ ಹತ್ತತೈತಿ. ಆ ಫ್ಲಾಪಿ ಯಾವ ಮನಿಗೆ ಹೋದ್ರ ಆ ಮನಿ ಮಷಿನ್ನಿಗೂ ಹತ್ತತೈತಿ. ಕಣ್ಣಿಗೆ ಮಾತ್ರ ಏನೂ ಕಾಣಂಗಿಲ್ಲ."

ಅಡಿಗೆಮನೆಯಲ್ಲಿ ಒಗ್ಗರಣೆ ಸಿಡಿಯುವುದು ನಿಂತಿತು.

"ಮೈಲಿಗಿ ಅನ್ನು," ಎಂದಿತು ಅನ್ನಪೂರ್ಣಾಬಾಯಿಯವರ ದನಿ. "ಇಷ್ಟು ಹೇಳಲಿಕ್ಕೆ ಬಳ್ಳಾರಿಯಿಂದ ಬಸ್ ಚಾರ್ಜ್ ಇಟ್ಟು ಬಂದಿಯೇನಪಾ?"

ಗೋವಿಂದಪ್ಪ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿದ. "ಹೌದ್ರಿ ಅಮ್ಮಾರೆ. ಪುಸ್ತಕದಾಗ ಮೂವತ್ತು ಪುಟ ಬರದಾರ. ನೀವು ಒಂದು ಮಾತಿನ್ಯಾಗ ಮುಗಿಸಿದ್ರಿ."

ಹೆಂಡತಿಯ ಮಾತು ಬಾಗಿಲು ದಾಟಿ ಬರುವಷ್ಟರಲ್ಲಿ ತಮ್ಮದಾಗಿಬಿಡುವುದು ರಾಯರಿಗೆ ಅಭ್ಯಾಸವಾಗಿತ್ತು. "ನಾನೂ ಅದನ್ನ ಹೇಳವನಿದ್ದೆ," ಎಂದರು. ಅಂದೇ ಕಾಗದ ತೆಗೆದು ಕಂಪ್ಯೂಟರಿಗೆ ಮಡಿಯ ಕಟ್ಟಳೆ ಬರೆದರು. ಡಾಸಿನ ಮೂಲ ಫ್ಲಾಪಿಯ ವಾಸ ಅಡಿಗೆಮನೆಯ ಮಡಿ ಕಪಾಟಿನಲ್ಲಿ. ದಿನಬಳಕೆಗೆ ಅದರ ನಕಲು. ಹೊರಗಿನ ಯಾವ ಫ್ಲಾಪಿಯೂ ಹೊಸ್ತಿಲು ದಾಟಕೂಡದು. ಇಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ರಾಯರು ಇನ್ನೊಂದು ಸಾಲು ಸೇರಿಸಿದರು: ಯಂತ್ರವನ್ನು, ಮೂಲ ಫ್ಲಾಪಿಯನ್ನು ಮುಟ್ಟುವವರೂ ಮಡಿಯಲ್ಲಿರತಕ್ಕದ್ದು.

"ರೋಗ ಫ್ಲಾಪಿಯಿಂದ ಬರತದಂತ. ನಿಮ್ಮ ಮೈಯಿಂದ ಅಲ್ಲ," ಎಂದರು ಅನ್ನಪೂರ್ಣಾಬಾಯಿ.

"ನಿನಗ ಕಂಪ್ಯೂಟರ್ ತಿಳಿಯಂಗಿಲ್ಲ."

"ಮಡಿ ತಿಳೀತದ."

"ನನಗ ಎರಡೂ ತಿಳೀತಾವ," ಎಂದು ರಾಯರು ಕಾಗದವನ್ನು ಗೋಡೆಗೆ ಅಂಟಿಸಿದರು.

ಗೋವಿಂದಪ್ಪ ಅದನ್ನು ಓದಿ, "ಹಂಗಾರ ನಾ ಮುಟ್ಟಬಹುದೇನ್ರಿ?" ಎಂದು ಕೇಳಿದ.

"ನೀನು ಡಾಕ್ಟರ್ ಇದ್ದಂಗ. ಯಂತ್ರ ಮುಟ್ಟು, ದೋಷ ಇಲ್ಲ. ಮೂಲ ಫ್ಲಾಪಿ ಮಾತ್ರ ಬ್ಯಾಡ."

"ಹುಷಾರಿಲ್ಲದಾಗ ದೋಷ ಇಲ್ಲ, ಹುಷಾರಾದಮ್ಯಾಲೆ ಐತಿ. ಚಲೋ ಶಾಸ್ತ್ರ ಬಿಡ್ರಿ," ಎಂದು ನಗುತ್ತ ಅವನು ಬಸ್ಸು ಹತ್ತಿದ. ಬುಧವಾರ ಮೊದಲ ಬಸ್ಸಿಗೇ ಬಂದು ಪಕ್ಕದಲ್ಲಿ ನಿಲ್ಲಬೇಕೆಂದು ರಾಯರು ಅವನಿಂದ ಮಾತು ತೆಗೆದುಕೊಂಡಿದ್ದರು.

ಮೊದಲ ದಿನ ರಾಯರು ಸ್ನಾನ ಮಾಡಿ ಒದ್ದೆ ಪಂಚೆಯಲ್ಲೇ ಯಂತ್ರದ ಮುಂದೆ ಕುಳಿತರು. ಪಂಚೆಯ ನೀರು ಹರಿದು ಪ್ಲಗ್ಗಿನ ಹತ್ತಿರ ಹೋಯಿತು. ಆಮೇಲೆ ಏನಾಯಿತೆಂದು ರಾಯರು ಯಾರಿಗೂ ಹೇಳಲಿಲ್ಲ. ಅವರು ಕುಳಿತಲ್ಲಿಂದ ಎದ್ದ ರೀತಿಯನ್ನು ಮಾತ್ರ ಅನ್ನಪೂರ್ಣಾಬಾಯಿ ನೋಡಿದ್ದರು. ಮರುದಿನದಿಂದ ಒದ್ದೆ ಪಂಚೆ ಹೋಗಿ ಧಾಬಳಿ ಬಂತು. ಧಾಬಳಿಯೆಂದರೆ ಪೂಜೆಗೆ ಉಡುವ ಉಣ್ಣೆಯ ವಸ್ತ್ರ. ದಿನವೂ ಒಗೆಯದಿದ್ದರೂ ಅದರ ಮಡಿ ಕೆಡುವುದಿಲ್ಲ. ನೀರು ಸುರಿಸುವುದಿಲ್ಲ, ಚಳಿಗೂ ಆಗುತ್ತದೆ. ತಮ್ಮ ಬುದ್ಧಿಯನ್ನು ರಾಯರು ತಾವೇ ಮೆಚ್ಚಿಕೊಂಡರು.

ಬುಧವಾರ ಬಂತು. ಬಾಯಿ ತೆರೆದರೆ ತುಟಿ ಒಡೆಯುವಂಥ ಒಣ ಚಳಿ. ರಾಯರು ಸ್ನಾನ ಸಂಧ್ಯಾವಂದನೆ ಮುಗಿಸಿ, ಹಣೆಗೆ ತೋಳಿಗೆ ಎದೆಗೆ ಗೋಪೀಚಂದನದ ಮುದ್ರೆ ಹಚ್ಚಿಕೊಂಡು, ಕೆಳಗೊಂದು ಧಾಬಳಿ ಉಟ್ಟು ಮೇಲೊಂದು ಹೊದ್ದು, ಕಟ್ಟಿಗೆಯ ಪಾದುಕೆ ಮೆಟ್ಟಿ ಕಿರುಕೋಣೆಗೆ ಬಂದರು. ಯಂತ್ರ ಹಚ್ಚಿದರು. ಡಾಸ್ ಬಂತು. ಪಟ್ಟಿಯೂ ತೆರೆಯಿತು. ಆನಂದದಿಂದ ಕೋಣೆಯಲ್ಲಿ ಹತ್ತು ಸುತ್ತು ಶತಪಥ ಹಾಕಿದರು. ಧಾಬಳಿ ಧಾಬಳಿಗೆ ಉಜ್ಜಿ ಸರ್ ಸರ್ ಎಂದಿತು. ಹನ್ನೊಂದನೆಯ ಸುತ್ತಿಗೆ ನಿಂತು, ಮಗುವಿನ ತಲೆ ನೇವರಿಸುವಂತೆ ಯಂತ್ರದ ಮೇಲೆ ಬೆರಳಿಟ್ಟರು.

ಚಟ್ ಎಂದಿತು. ಬೆರಳಿಗೂ ಯಂತ್ರಕ್ಕೂ ನಡುವೆ ಒಂದು ನೀಲಿ ಕಿಡಿ ಹಾರಿತು. ಪರದೆಯ ಮೇಲಿನ ಅಕ್ಷರಗಳು ಇದ್ದಲ್ಲೇ ನಿಂತವು. ಯಾವ ಗುಂಡಿ ಒತ್ತಿದರೂ ಯಂತ್ರ ಮಿಸುಕಲಿಲ್ಲ.

"ಅನ್ನಪೂರ್ಣಾ, ವೈರಸ್ ಬಂತು!" ಎಂದು ರಾಯರು ಕೂಗಿದರು.

"ಯಾವ ಬಾಗಿಲಿನಿಂದ?" ಎಂದು ಕೇಳಿತು ಒಳಗಿನ ದನಿ.

ರೋಗ ಬಂದಾಗ ಮೊದಲು ಮಗುವನ್ನು ದೂರ ಒಯ್ಯಬೇಕಲ್ಲವೇ? ರಾಯರು ಯಂತ್ರದ ಕೆಂಪು ದೀಪ ಇನ್ನೂ ಉರಿಯುತ್ತಿರುವಾಗಲೇ ದಿನಬಳಕೆಯ ಡಾಸ್ ಫ್ಲಾಪಿಯನ್ನು ಎಳೆದು ತೆಗೆದರು. ಫ್ಲಾಪಿಯ ನಡುವೆ, ಎಂದೂ ಮುಟ್ಟಬಾರದ ಒಂದು ತೆರೆದ ಕಂಡಿ ಇರುತ್ತದೆ. ರಾಯರ ಹೆಬ್ಬೆರಳು ಸರಿಯಾಗಿ ಅಲ್ಲಿಯೇ ಕುಳಿತಿತು. ಬೆರಳಲ್ಲಿ ಗೋಪೀಚಂದನ ಇನ್ನೂ ಹಸಿಯಿತ್ತು.

ಒಂಬತ್ತು ಗಂಟೆಗೆ ಮೊದಲ ಬಸ್ಸು ಇಳಿದು ಬಂದ ಗೋವಿಂದಪ್ಪ ಫ್ಲಾಪಿಯನ್ನು ಬೆಳಕಿಗೆ ಹಿಡಿದ. ಆಮೇಲೆ ರಾಯರನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಇದು ವೈರಸ್ ಅಲ್ರಿ."

"ಮತ್ತೇನು?"

"ನೀವು."

ರಾಯರು ಧಾಬಳಿಯನ್ನು ಇನ್ನಷ್ಟು ಬಿಗಿಯಾಗಿ ಹೊದ್ದರು.

"ಉಣ್ಣಿ ಬಟ್ಟಿ, ಒಣ ಚಳಿ, ಕಾಲಾಗ ಕಟ್ಟಿಗಿ. ತಿರುಗಾಡಿದ್ರ ಮೈಯಾಗ ಕರೆಂಟ್ ತುಂಬತೈತ್ರಿ. ದಿನಕ್ಕ ಆರು ತಾಸು ಆದವಾನ್ಯಾಗ ಕರೆಂಟ್ ಇರಂಗಿಲ್ಲ, ಎಲ್ಲಿ ಹೋಗತೈತಿ ಅಂತಿದ್ದೆ. ಇಲ್ಲಿ ಐತಿ ನೋಡ್ರಿ." ಅವನು ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದ. "ಮಷಿನ್ ಬದುಕೈತಿ. ಬುದ್ಧಿ ಮಾತ್ರ ಇಲ್ಲ, ಅದರ ಮ್ಯಾಲೆ ನಿಮ್ಮ ಗಂಧ ಕುಂತೈತಿ. ಮೂಲ ಫ್ಲಾಪಿ ತೆಗೀರಿ."

"ಬಂದು ತೆಗೀತೀನಿ. ರೈಲಿಗೆ ಹೊತ್ತಾತು," ಎಂದು ರಾಯರು ಧಾಬಳಿ ಬಿಚ್ಚಿ ಕೋಟು ಹಾಕಿಕೊಂಡು ಸ್ಟೇಶನ್ನಿಗೆ ಓಡಿದರು.

ಸಾಹೇಬರು ಇಳಿದವರೇ ಮೊದಲು ಭೀಮಲಿಂಗಪ್ಪನಲ್ಲಿಗೆ ಹೋಗೋಣವೆಂದರು. ಅಲ್ಲಿ ಅವರು ಒಳಗೆ ಅರ್ಧ ತಾಸು, ರಾಯರು ಹೊರಗೆ ಆಟೋದಲ್ಲಿ ಅರ್ಧ ತಾಸು. ಸಾಹೇಬರು ನಗುತ್ತ ಹೊರಗೆ ಬಂದರು. ರಾಯರು ಆ ನಗುವಿನ ಲೆಕ್ಕ ಹಾಕಿದರು. ಈ ಏಜೆನ್ಸಿ ತಪ್ಪಿದರೆ ನಾಳೆಯಿಂದ ಯಾರ್ಡಿನಲ್ಲಿ ತಮ್ಮ ಚಹಾ ತಾವೊಬ್ಬರೇ ಕುಡಿಯಬೇಕು. ಪಕ್ಕದಲ್ಲಿ ಕೂಡುವವರು ಯಾರೂ ಇರುವುದಿಲ್ಲ.

ಮನೆಗೆ ಬಂದು ಸಾಹೇಬರನ್ನು ಕುರ್ಚಿಯಲ್ಲಿ ಕೂಡ್ರಿಸಿ ರಾಯರು ಮಡಿ ಕಪಾಟಿನ ಕಡೆ ಧಾವಿಸಿದರು. ಅನ್ನಪೂರ್ಣಾಬಾಯಿ ಅಡ್ಡ ನಿಂತಿದ್ದರು.

"ಮುಟ್ಟಬ್ಯಾಡ್ರಿ. ಸ್ಟೇಶನ್ನಿನ ಚಹಾ ಕುಡಿದು ಬಂದೀರಿ. ಅವರ ಕೈ ಕುಲುಕೀರಿ."

"ಈಗ ಅದೆಲ್ಲ ನೋಡೂ ಹೊತ್ತಲ್ಲ."

"ಕಟ್ಟಳೆ ಬರದವರು ನೀವು. ಅಂಟಿಸಿದವರೂ ನೀವು."

"ಆತು, ಸ್ನಾನ ಮಾಡಿ ಬರತೀನಿ."

"ನಳ ಬೆಳಿಗ್ಗೆನೇ ನಿಂತದ. ಇದ್ದ ನೀರು ಮುಂಜಾನಿ ನಿಮ್ಮ ಸ್ನಾನಕ್ಕ ಆತು."

"ಗೋವಿಂದಪ್ಪ ತೆಗೀಲಿ."

"ನನಗ ಮೂಲ ಫ್ಲಾಪಿ ಮುಟ್ಟೂ ಹಕ್ಕಿಲ್ರಿ. ಗ್ವಾಡಿ ಮ್ಯಾಲೆ ಐತಿ," ಎಂದ ಗೋವಿಂದಪ್ಪ, ಬಹಳ ವಿನಯದಿಂದ.

ಹೊರಗೆ ಸಾಹೇಬರು ಕೈಗಡಿಯಾರ ನೋಡಿಕೊಂಡರು. ಆ ಮನೆಯಲ್ಲಿ ಆ ಹೊತ್ತಿಗೆ ಮಡಿಯಲ್ಲಿದ್ದವರು ಒಬ್ಬರೇ. ಅನ್ನಪೂರ್ಣಾಬಾಯಿ ಕಪಾಟು ತೆರೆದು ಮೂಲ ಫ್ಲಾಪಿ ತೆಗೆದರು. ಅಂಚು ಹಿಡಿದು, ಯಂತ್ರದ ಬಾಯಿಗೆ ಇಟ್ಟರು. ಡಾಸ್ ಬಂತು. ಎರಡು ಬೆರಳಿನಿಂದ, ಹೂವು ಬಿಡಿಸಿದಷ್ಟು ಮೆಲ್ಲಗೆ, ಒಂದೊಂದೇ ಅಕ್ಷರ ಒತ್ತಿದರು. ಪಟ್ಟಿ ತೆರೆಯಿತು. ಮತ್ತೆ ನಾಲ್ಕು ಅಕ್ಷರ ಒತ್ತಿದರು. ಪ್ರಿಂಟರು ಕಿರ್ರೆಂದು ಕಾಗದ ಉಗುಳತೊಡಗಿತು.

ಗೋವಿಂದಪ್ಪ ಬಾಯಿ ತೆರೆದ. "ಅಮ್ಮಾರೆ, ಯಾರು ಕಲಿಸ್ಯಾರ್ರಿ?"

"ಕಲಿಸೂದೇನು? ಎರಡು ವರ್ಷ ಇವರು ಒಂದೊಂದು ಅಕ್ಷರ ಕೂಗಿ ಕೂಗಿ ಒತ್ತ್ಯಾರ. ಹಿತ್ತಲಮನಿ ಸಕ್ಕೂಬಾಯಿಗೂ ಬರತದ."

ಸಾಹೇಬರು ಎದ್ದು ಬಂದು ಪಟ್ಟಿ ನೋಡಿದರು. ತಲೆಯಾಡಿಸಿದರು. ಆಮೇಲೆ ಚೀಲದಿಂದ ಒಂದು ಫ್ಲಾಪಿ ತೆಗೆದು, "ಇದರಲ್ಲೂ ಒಂದು ನಕಲು ಹಾಕಿಕೊಡಿ," ಎಂದು ತಮ್ಮ ಹಿಂದಿಯಲ್ಲಿ ಕೇಳಿದರು.

ದೊಡ್ಡ ಗಿರಾಕಿ ಕೇಳಿದರೆ ರಾಯರು ಪ್ರಾಣವನ್ನೇ ಕೊಡುವವರು. ಫ್ಲಾಪಿ ಯಾವ ಲೆಕ್ಕ? "ಅದಕ್ಕೇನ್ರಿ ಸಾಹೇಬರೇ," ಎಂದು ಎರಡೂ ಕೈ ಚಾಚಿ ತೆಗೆದುಕೊಂಡು ಯಂತ್ರದ ಬಾಯಿಗೆ ಒಯ್ದರು.

ಅನ್ನಪೂರ್ಣಾಬಾಯಿ ಯಂತ್ರದ ಆ ಬಾಯಿಗೆ ಅಂಗೈ ಅಡ್ಡ ಹಿಡಿದರು. "ಹೊರಗಿಂದು ಒಳಗ ಬರಂಗಿಲ್ಲ."

"ಏ, ಸಾಹೇಬರದು ಅದು!"

"ಯಾರದರ ಇರಲಿ." ಅವರು ತಮ್ಮದೇ ಹೊಸ ಫ್ಲಾಪಿಯೊಂದನ್ನು ತೆಗೆದು, ಅದರಲ್ಲಿ ಪಟ್ಟಿಯ ನಕಲು ಹಾಕಿ, ಕೈಗೆ ಕೈ ತಾಗದಂತೆ ಮೇಲಿನಿಂದ ಸಾಹೇಬರ ಅಂಗೈಗೆ ಬಿಟ್ಟರು. "ಇದನ್ನ ಒಯ್ಯಲಿ. ತಿರುಗಿ ತರೂದು ಬ್ಯಾಡ ಅಂತ ಹೇಳ್ರಿ."

ರಾಯರು ಅದನ್ನು ಹಿಂದಿಯಲ್ಲಿ ಹೇಳಲಿಲ್ಲ. ಗೋವಿಂದಪ್ಪ ಹೇಳಿದ.

ಸಾಹೇಬರು ರಾಯರ ಕೈಯಿಂದ ತಮ್ಮ ಫ್ಲಾಪಿಯನ್ನು ತಿರುಗಿ ತೆಗೆದುಕೊಂಡರು. ರಾಯರು ಮನಸ್ಸಿನಲ್ಲೇ ಏಜೆನ್ಸಿಗೆ ಎಳ್ಳು ನೀರು ಬಿಟ್ಟರು. ಸಾಹೇಬರು ಅದನ್ನು ಚೀಲಕ್ಕೆ ಹಾಕಿಕೊಂಡು, "ಮುಂಬಯಿಯಲ್ಲಿ ನಮ್ಮ ಏಳು ಮಷಿನ್ನು ಮಲಗಿವೆ. ಯಾವನೋ ಏಜಂಟ್ ಕಳಿಸಿದ ಫ್ಲಾಪಿಯಿಂದ. ಈಗ ಹೋದ ಊರಲ್ಲೆಲ್ಲ ಈ ಖಾಲಿ ಫ್ಲಾಪಿ ಕೊಟ್ಟು ನೋಡುತ್ತೇನೆ. ಭೀಮಲಿಂಗಪ್ಪನವರು ಏನೂ ಕೇಳದೆ ಒಳಗೆ ಹಾಕಿದರು. ನೀವೂ ಹಾಕುತ್ತಿದ್ದಿರಿ," ಎಂದು ರಾಯರನ್ನು ನೋಡಿದರು. ಹೊರಡುವ ಮುಂಚೆ ಬೆಳಗಿನ ಸಂಗತಿ ಏನೆಂದು ಗೋವಿಂದಪ್ಪನನ್ನು ಕೇಳಿ ತಿಳಿದುಕೊಂಡರು. ಗೋವಿಂದಪ್ಪ ಏನನ್ನೂ ಮುಚ್ಚಿಡಲಿಲ್ಲ. ಕಿಡಿಯ ಬಣ್ಣವನ್ನೂ ಹೇಳಿದ.

ಎಂಟು ದಿನಕ್ಕೆ ರಿಜಿಸ್ಟರ್ ಟಪಾಲು ಬಂತು. ಏಜೆನ್ಸಿ ಸೇತುಮಾಧವರಾಯರಿಗೇ! ಅವರು ಕಿರುಕೋಣೆಯಲ್ಲಿ ಯಂತ್ರದ ಪಕ್ಕದಲ್ಲಿ ನಿಂತು, ಹೆಂಡತಿಗೆ ಕೇಳುವಂತೆ, ಕಂಠ ಸರಿಪಡಿಸಿಕೊಂಡು ಓದಿ ಅರ್ಥ ಹೇಳಿದರು. ಒಂದನೆಯ ಕರಾರು: ಈ ಯಂತ್ರವನ್ನೂ ಈ ಡಾಸನ್ನೂ ಬದಲಿಸತಕ್ಕದ್ದಲ್ಲ. "ಕೇಳಿದಿ? ಹಳೇದು ಹಳೇದೇ," ಎಂದರು. ಎರಡನೆಯದು: ಯಂತ್ರವನ್ನು ಶ್ರೀಮತಿ ಅನ್ನಪೂರ್ಣಾಬಾಯಿಯವರೇ ನಡೆಸತಕ್ಕದ್ದು. ಇದನ್ನು ಕೊಂಚ ಮೆಲ್ಲಗೆ ಓದಿದರು. ಅಲ್ಲಿಗೆ ಕಾಗದ ಮಡಚಿದರು.

"ಯಾಕ ನಿಲ್ಲಿಸಿದ್ರಿ? ಓದ್ರಿ."

"ಇಷ್ಟೇ ಅದ."

"ಸಹಿ ಮ್ಯಾಲೆ ಇನ್ನೂ ಎರಡು ಸಾಲು ಅವ. ನೀವು ಮಡಚೂ ಮುಂದ ಕಂಡ್ವು."

ರಾಯರು ಕಾಗದ ಬಿಡಿಸಿದರು. ಮೂರನೆಯದು: ಶ್ರೀ ಸೇತುಮಾಧವರಾಯರು, ಉಟ್ಟ ಬಟ್ಟೆ ಯಾವುದೇ ಆಗಿರಲಿ, ಯಂತ್ರದಿಂದ ಆರು ಅಡಿ ದೂರದಲ್ಲಿರತಕ್ಕದ್ದು.

ಅನ್ನಪೂರ್ಣಾಬಾಯಿ ಕೈ ಒರೆಸಿಕೊಂಡು ಬಂದು, ಯಂತ್ರದ ಅಂಚಿನಿಂದ ನೆಲದ ಮೇಲೆ ಮೊಳ ಹಾಕುತ್ತ ಹೊರಟರು. ಒಂದು ಮೊಳ, ಎರಡು ಮೊಳ. ಮೂರನೆಯದು ಹೊಸ್ತಿಲಿಗೆ ಬಂತು. ನಾಲ್ಕನೆಯದು, ಆರು ಅಡಿಗೆ ಸರಿಯಾಗಿ, ಹೊಸ್ತಿಲು ದಾಟಿತು.

"ಪಡಸಾಲಿ ಬರತದ ನೋಡ್ರಿ," ಎಂದರು. "ಚಾಪಿ ಕೊಡಲೇನು?"