ಎಳೆ ಎಳೆಯುವ ಯಂತ್ರ

ನಮ್ಮ ಮನೆಯಲ್ಲಿ ಖಾತೆ ಹಂಚಿಕೆ ಬಹಳ ಹಿಂದೆಯೇ ಆಗಿಹೋಗಿದೆ. ವೈರ್ ಇರುವ ವಸ್ತುಗಳೆಲ್ಲ ನನ್ನವು, ವೈರ್ ಇಲ್ಲದವೆಲ್ಲ ಹೆಂಗಸರವು. ಮಿಕ್ಸರ್ ಯಾವ ಕಂಪನಿಯದು ತರಬೇಕು, ಅದರ ಮೋಟಾರು ಎಂಥದ್ದು, ಗ್ಯಾರಂಟಿ ಎಷ್ಟು ವರ್ಷದ್ದು ಎಂಬುದೆಲ್ಲ ನನಗೆ ಸೇರಿದ ವಿಚಾರ. ಅದರಲ್ಲಿ ಶೇಂಗಾ ಚಟ್ನಿ ಅರೆಯುವುದು ನನಗೆ ಸೇರಿದ್ದಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ನಾಲ್ಕು ಅಂಗಡಿ ತಿರುಗಿ ಆರಿಸಿ ತಂದವನು ನಾನು, ಅದನ್ನು ನನ್ನ ಅಂಗಿಯ ಮೇಲೆ ಆಡಿಸುವವಳು ನನ್ನ ಹೆಂಡತಿ ಗಿರಿಜಾ. ಈ ವ್ಯವಸ್ಥೆಯಲ್ಲಿ ಅನ್ಯಾಯವಿದೆ ಎಂದು ನನಗೆಂದೂ ಅನಿಸಿರಲಿಲ್ಲ. ಅನ್ಯಾಯದಿಂದ ಅನುಕೂಲವಾಗುವವನಿಗೆ ಸಾಮಾನ್ಯವಾಗಿ ಹಾಗೆ ಅನಿಸುವುದಿಲ್ಲ. ಹೀಗಾಗಿ ಮನೆಗೊಂದು ವ್ಯಾಕ್ಯೂಮ್ ಕ್ಲೀನರ್ ಬೇಕು ಎಂಬ ಮಾತು ಬಂದಾಗ, ಅದಕ್ಕೆ ವೈರ್ ಇದೆ ಎಂಬ ಒಂದೇ ಕಾರಣಕ್ಕೆ ಆ ಖಾತೆಯೂ ನನ್ನ ಕೈಗೆ ಬಂತು. ಅದೂ ಅಲ್ಲದೆ ನಾನು ಬಾಗಲಕೋಟೆಯ ನವನಗರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ನಿರ್ವಾತ ಎಂದರೇನು ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುತ್ತೇನೆ. ನಿರ್ವಾತದ ಬಗ್ಗೆ ನನಗಿಂತ ಹೆಚ್ಚು ತಿಳಿದವರು ನಮ್ಮ ಸೆಕ್ಟರಿನಲ್ಲಿ ಇರಲಾರರು ಎಂದು ನಾನು ನಂಬಿದ್ದೆ.

ಈ ಯಂತ್ರದ ಮಾತು ಹುಟ್ಟಿದ್ದು ದಾರದಿಂದ. ಗಿರಿಜಾಳ ತವರು ಇಳಕಲ್. ಅಲ್ಲಿಂದ ಅವಳ ಅಣ್ಣ ಸೀರೆಗಳ ಗಂಟು ಕಳಿಸುತ್ತಾನೆ. ಇವಳು ಅವುಗಳ ಸೆರಗಿಗೆ ಬಣ್ಣದ ದಾರದ ಕುಚ್ಚು ಕಟ್ಟಿ, ಮಣಿ ಪೋಣಿಸಿ ವಾಪಸು ಕಳಿಸುತ್ತಾಳೆ. ಮೊದಲು ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು, ಅದನ್ನು ಬಿಟ್ಟು ಇದನ್ನು ಹಿಡಿದಳು. ಈಗ ಓಣಿಯ ಕಸ್ತೂರಿ ಮತ್ತು ಇನ್ನಿಬ್ಬರು ಹೆಣ್ಣುಮಕ್ಕಳು ಮಧ್ಯಾಹ್ನದ ಊಟ ಮುಗಿಸಿಕೊಂಡು ಬಂದು, ನಮ್ಮ ಪಡಸಾಲೆಯಲ್ಲಿ ಸೀರೆ ಹರವಿಕೊಂಡು ಅವಳ ಜೊತೆ ಕೂಡುತ್ತಾರೆ. ಕೈ ಕಟ್ಟುತ್ತಿರುತ್ತದೆ, ಬಾಯಿ ಬಿಚ್ಚುತ್ತಿರುತ್ತದೆ. ಅವರ ನಡುವೆ ಗೋಡೆಗೆ ಆತುಕೊಂಡು ಕುಳಿತಿರುವವಳು ನನ್ನ ಅವ್ವ. ಅವಳ ಕಣ್ಣಿಗೆ ಈಗ ದಾರ ಕಾಣುವುದಿಲ್ಲ, ಕಿವಿ ಮಾತ್ರ ಚುರುಕಾಗಿದೆ. ಈ ಕುಚ್ಚಿನ ಕೆಲಸ ಶುರುವಾಗುವ ಮೊದಲು ಮಧ್ಯಾಹ್ನಗಳು ಅವಳಿಗೆ ಬಹಳ ಉದ್ದವಾಗುತ್ತಿದ್ದವು. ನಾನು ಪಾಠ ಮಾಡುತ್ತಿರುವಾಗ ಫೋನ್ ಮಾಡಿ, "ಎಷ್ಟಕ್ಕ ಬರ್ತಿ?" ಎಂದು ಕೇಳುತ್ತಿದ್ದಳು. ಎಷ್ಟಕ್ಕೆ ಬರುತ್ತೇನೆಂದು ಅವಳಿಗೂ ಗೊತ್ತು, ಅವಳಿಗೆ ಗೊತ್ತೆಂದು ನನಗೂ ಗೊತ್ತು. ಈಗ ನಾನಾಗಿಯೇ ಫೋನ್ ಮಾಡಿದರೂ ಎತ್ತುವುದಿಲ್ಲ. ಎತ್ತಿದರೆ, "ಆಮ್ಯಾಲೆ ಮಾಡು, ಕಸ್ತೂರಿ ಏನೋ ಹೇಳಾಕತ್ತಾಳ" ಎಂದು ಇಟ್ಟುಬಿಡುತ್ತಾಳೆ. ನಿಜ ಹೇಳುತ್ತೇನೆ, ಅವಳು ಹಾಗೆ ಫೋನ್ ಇಟ್ಟಾಗ ನನಗೆ ಎಷ್ಟು ಸಮಾಧಾನವಾಗುತ್ತದೆಂದರೆ, ಮತ್ತೊಮ್ಮೆ ಮಾಡಿ ಮತ್ತೊಮ್ಮೆ ಬೈಸಿಕೊಳ್ಳೋಣ ಎನಿಸುತ್ತದೆ.

ತೊಂದರೆ ಇದ್ದದ್ದು ಸಂಜೆಗೆ. ಹೊತ್ತು ಮುಳುಗುತ್ತಿದ್ದಂತೆ ಅವ್ವ ದೇವರ ಜಗಲಿಯ ಮೇಲೆ ದೀಪ ಹಚ್ಚುತ್ತಾಳೆ. ದೀಪ ಹಚ್ಚಿದ ಮೇಲೆ ನಮ್ಮ ಮನೆಯಲ್ಲಿ ಕಸಬರಿಗೆ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಕಸದ ಜೊತೆ ಲಕ್ಷ್ಮಿಯೂ ಹೊರಟುಹೋಗುತ್ತಾಳೆ. ಕುಚ್ಚಿನ ಕೆಲಸವೋ, ದೀಪ ಹಚ್ಚಿ ತಾಸಾದರೂ ಮುಗಿಯುವುದಿಲ್ಲ. ಹೆಣ್ಣುಮಕ್ಕಳು ಎದ್ದು ಹೋದ ಮೇಲೆ ಪಡಸಾಲೆಯ ತುಂಬ ಕತ್ತರಿಸಿ ಬಿಟ್ಟ ದಾರದ ಎಳೆಗಳು ಉಳಿಯುತ್ತವೆ. ಅವು ಬಿದ್ದಲ್ಲಿಯೇ ಬಿದ್ದಿರುವುದಿಲ್ಲ. ಫ್ಯಾನಿನ ಗಾಳಿಗೆ, ನಮ್ಮ ಕಾಲಿಗೆ ಅಂಟಿಕೊಂಡು ಮನೆಯೆಲ್ಲ ತಿರುಗುತ್ತವೆ. ಬೆಳಗಾಗುವಷ್ಟರಲ್ಲಿ ಹಾಸಿಗೆಯಲ್ಲಿ ಎಳೆ, ಸಾಬೂನಿನ ಮೇಲೆ ಎಳೆ, ಮಗಳು ಸಹನಾಳ ಊಟದ ಡಬ್ಬಿಯಲ್ಲಿ ಎಳೆ. ಒಂದು ದಿನ ನಾನು ಬೋರ್ಡಿನ ಕಡೆ ತಿರುಗಿ ಗುರುತ್ವಾಕರ್ಷಣೆಯ ಬಗ್ಗೆ ಬರೆಯುತ್ತಿದ್ದಾಗ ತರಗತಿಯಲ್ಲಿ ಕಿಸಿಕಿಸಿ ನಗು ಶುರುವಾಯಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಬಹಳ ವಿನಯದಿಂದ ಎದ್ದು ನಿಂತು, "ಸರ್, ನಿಮ್ಮ ಹಿಂದ ಗಿಳಿಹಸರು ದಾರ ಜೋತಾಡಾಕತ್ತೈತ್ರಿ" ಎಂದಳು. ಆ ದಿನದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟವಿತ್ತು, ಆದರೆ ನಾನು ಅದನ್ನು ಬಳಸಿಕೊಳ್ಳಲಿಲ್ಲ.

ಅತ್ತೆ ಸೊಸೆಯರಲ್ಲಿ ಜಗಳ ಎನ್ನುವಂಥದ್ದು ಆಗಲಿಲ್ಲ. ಇಬ್ಬರೂ ನನ್ನ ಮೂಲಕ ಮಾತಾಡತೊಡಗಿದರು. "ಹೊತ್ತು ಮುಳುಗೂದ್ರಾಗ ಮುಗಸಂದ್ರ ಹೆಂಗ ಆಗತೈತ್ರಿ? ಲಗ್ನದ ಸೀರಿ ಅವು" ಎಂದು ಗಿರಿಜಾ ನನಗೆ ಹೇಳುತ್ತಿದ್ದಳು, ಅವ್ವನಿಗೆ ಕೇಳುವಷ್ಟು ಗಟ್ಟಿಯಾಗಿ. "ನಾ ಎಲ್ಲಿ ಕಟ್ಟಬ್ಯಾಡ ಅಂದೇನಿ? ಕಸಾ ಹೊಡಿಬ್ಯಾಡ ಅಂದೇನಿ" ಎಂದು ಅವ್ವ ನನಗೇ ಹೇಳುತ್ತಿದ್ದಳು. ನಾನೊಮ್ಮೆ ಧೈರ್ಯ ಮಾಡಿ, ಶರಣರು ಇಂಥ ನಂಬಿಕೆಗಳನ್ನೆಲ್ಲ ಒಪ್ಪುತ್ತಿರಲಿಲ್ಲ ಎಂದು ನೆನಪಿಸಿದೆ. ಅವ್ವ ವಿಭೂತಿಯ ಕೈಯನ್ನು ಒರೆಸಿಕೊಳ್ಳುತ್ತ, "ಶರಣರ ಮನ್ಯಾಗ ಸಂಜಿ ಮುಂದ ಇಷ್ಟು ದಾರ ಬೀಳತಿದ್ದಿಲ್ಲ" ಎಂದಳು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಕೊನೆಗೆ ವಿಷಯ ಬಿಗಡಾಯಿಸಿದ್ದು ಜೋಳದ ರೊಟ್ಟಿಯಲ್ಲಿ. ಒಂದು ರಾತ್ರಿ ಊಟಕ್ಕೆ ಕುಳಿತಾಗ ನನ್ನ ರೊಟ್ಟಿಯಿಂದ ಕೆಂಪು ಎಳೆಯೊಂದರ ತುದಿ ಹೊರಗೆ ಬಂದಿತ್ತು. ಸುಮ್ಮನೆ ತಿಂದುಬಿಟ್ಟಿದ್ದರೆ ಆಗುತ್ತಿತ್ತು. ನಾನು ಎಳೆದೆ. ಎಳೆದಷ್ಟೂ ಬಂತು. ಎಲ್ಲರೂ ಕೈ ನಿಲ್ಲಿಸಿ ನೋಡಿದರು. ಗಿರಿಜಾ ತಟ್ಟೆ ಸರಿಸಿ, "ಮುಂದಿನ ಸಾಲಿನ್ಯಾಗ ಒಂದು ಖೋಲಿ ಖಾಲಿ ಐತಂತ. ಬಾಡಿಗಿ ಹಿಡಿತೇನಿ. ಕೆಲಸಾ ಎಲ್ಲಾ ಅಲ್ಲೇ ಒಯ್ತೇನಿ" ಎಂದಳು. ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವ ಅವ್ವ ತಟ್ಟೆಯಲ್ಲಿದ್ದ ರೊಟ್ಟಿಯ ಚೂರನ್ನು ಆಕಡೆ ಈಕಡೆ ಮಾಡುತ್ತ ಕುಳಿತಳು. ಕುಚ್ಚಿನ ಕೆಲಸ ಆ ಖೋಲಿಗೆ ಹೋದರೆ ಅದರ ಜೊತೆ ಕಸ್ತೂರಿಯೂ ಹೋಗುತ್ತಾಳೆ, ಮಾತೂ ಹೋಗುತ್ತದೆ, ನನ್ನ ಫೋನು ಮತ್ತೆ ಮಧ್ಯಾಹ್ನ ಬಡಿದುಕೊಳ್ಳತೊಡಗುತ್ತದೆ. ನನಗೆ ಸಂಕಟವಾಯಿತು. ಆ ಸಂಕಟದಲ್ಲಿಯೇ, "ಒಂದು ವ್ಯಾಕ್ಯೂಮ್ ಕ್ಲೀನರ್ ತರೋಣು" ಎಂದುಬಿಟ್ಟೆ. ದೀಪದ ಪ್ರಶ್ನೆಯನ್ನು ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡೆ.

ಮರುದಿನದಿಂದ ಅಧ್ಯಯನ ಶುರುವಾಯಿತು. ನನಗೆ ಬೇಕಾಗಿದ್ದದ್ದು ನಂಬಿಕಸ್ತ ಯಂತ್ರ. ಸಹನಾ ಮೊಬೈಲಿನಲ್ಲಿ ಜನರ ಅಭಿಪ್ರಾಯಗಳನ್ನು ಓದಿ ಹೇಳಿದಳು. ಒಂದೇ ಯಂತ್ರವನ್ನು ಒಬ್ಬರು ದೇವರು ಕೊಟ್ಟ ವರ ಎಂದಿದ್ದರು, ಇನ್ನೊಬ್ಬರು ಯಾರೂ ಕೊಳ್ಳಬೇಡಿ ಎಂದು ಕೈಮುಗಿದಿದ್ದರು. ತಾನಾಗಿಯೇ ನೆಲದ ಮೇಲೆ ತಿರುಗಾಡುವ ಚಪಾತಿಯಂಥ ಯಂತ್ರವೊಂದನ್ನು ಅವಳು ತೋರಿಸಿದಾಗ ಅವ್ವ, "ತಾನ ಅಡ್ಡಾಡೂದು ತಾನ ಬಾಗಲಾ ದಾಟಿ ಹೋದ್ರ ಯಾರು ಹುಡಕಾವರು?" ಎಂದಳು. ನಾನು ಪುಸ್ತಕದ ಜ್ಞಾನ ಸಾಲದೆಂದು ಅನುಭವಿಗಳನ್ನು ಕೇಳಲು ಬಾದಾಮಿಗೆ ಹೋದೆ. ಅಲ್ಲಿ ನನ್ನ ಚಿಕ್ಕಪ್ಪನ ಮಗ ಈರಣ್ಣ ಪ್ರವಾಸಿಗರಿಗಾಗಿ ಲಾಡ್ಜು ನಡೆಸುತ್ತಾನೆ, ಅವನ ಹತ್ತಿರ ದೊಡ್ಡದೊಂದು ವ್ಯಾಕ್ಯೂಮ್ ಕ್ಲೀನರ್ ಇದೆ. "ಭಾಳ ನಂಬಿಕಸ್ತ ಮಷೀನಪಾ. ಬಂದಾಗಿಂದ ಒಮ್ಮೆನೂ ಕೆಟ್ಟಿಲ್ಲ" ಎಂದು ಅವನು ಎದೆ ತಟ್ಟಿ ಹೇಳಿದ. ನೋಡಬೇಕೆಂದೆ. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಅದು ಕಂಪನಿಯ ಪ್ಲಾಸ್ಟಿಕ್ ಚೀಲದ ಸಮೇತ ನಿಂತಿತ್ತು. "ಇದನ್ನ ಹಚ್ಚಂಗಿಲ್ಲೇನೋ?" ಎಂದು ಕೇಳಿದೆ. "ಹಚ್ಚಿದ್ರ ಕೆಡತೈತಿ" ಎಂದ ಈರಣ್ಣ. ಬಂದ ಬಸ್ಸಿಗೇ ವಾಪಸಾದೆ.

ಕೊನೆಗೆ ಹಳೇ ಬಾಗಲಕೋಟೆಯಲ್ಲಿ ಕರೆಂಟಿನ ಸಾಮಾನು ಮಾರುವ ಮಲ್ಲಣ್ಣನವರ ಅಂಗಡಿಗೆ ಹೋದೆ. ನನಗೆ ಬೇಕಾದದ್ದು ದಾರದ ಎಳೆಯನ್ನು ಎಳೆಯುವ ಯಂತ್ರ. ನಮ್ಮ ಕಡೆಯ ಮಾತಿನಲ್ಲಿ ಅದನ್ನು ಕೇಳುವುದು ಸುಲಭವಲ್ಲ. "ಇದು ಎಳಿ ಎಳಿತೈತೇನ್ರಿ?" ಎಂದೆ. "ಎಲ್ಲಾನೂ ಎಳಿತೈತ್ರಿ ಮಾಸ್ತರ" ಎಂದರು ಅವರು. "ಎಲ್ಲಾ ಬ್ಯಾಡ್ರಿ, ಎಳಿ ಎಳಿತೈತೇನು?" ಎಂದು ಮತ್ತೆ ಕೇಳಿದೆ. ನನಗೆ ನಾಲಿಗೆ ತೊದಲುತ್ತಿದೆಯೆಂದು ತಿಳಿದು ಅವರು ಒಂದು ಗ್ಲಾಸು ನೀರು ತರಿಸಿದರು. ನೀರು ಕುಡಿದು ಕುಚ್ಚಿನ ಕಥೆ ಹೇಳಿದ ಮೇಲೆ ಅವರಿಗೆ ಅರ್ಥವಾಯಿತು. ಅಂಗಡಿ ಮುಚ್ಚಿದ ಮೇಲೆ ಮನೆಗೇ ಬಂದು ತೋರಿಸುತ್ತೇನೆಂದರು.

ಮಲ್ಲಣ್ಣ ಯಂತ್ರ ಹೊತ್ತುಕೊಂಡು ಬಂದಾಗ ಜಗಲಿಯ ದೀಪ ಉರಿಯುತ್ತಿತ್ತು. ಅವರು ಪಿನ್ನು ಚುಚ್ಚಲು ಬಾಗಿದ್ದೇ ತಡ, ಅವ್ವ ಗೋಡೆಯ ಕಡೆಯಿಂದ, "ದೀಪಾ ಹಚ್ಚೇತಿ. ಈಗ ಕಸಾ ಹೊಡಿಯೂದಲ್ಲ" ಎಂದಳು. ಆದರೆ ಮಲ್ಲಣ್ಣ ಸಾಮಾನ್ಯ ವ್ಯಾಪಾರಿಯಲ್ಲ. "ಅವ್ವಾರ, ಇದು ಕಸಾ ಹೊಡಿಯಂಗಿಲ್ರಿ. ಎಳಕೊಳ್ತೈತಿ" ಎಂದರು. ಅವ್ವ ಯೋಚಿಸಿದಳು. "ಎಳಕೊಂಡು ಎಲ್ಲಿ ಇಡತೈತಿ?" "ತನ್ನ ಹೊಟ್ಟ್ಯಾಗ್ರಿ." "ಹೊಟ್ಟಿ ಎಲ್ಲೈತಿ?" "ಇಲ್ಲೇ ನಿಮ್ಮ ಮನ್ಯಾಗ ಐತ್ರಿ." "ಹಂಗಾರ ಹೊರಗ ಹೋದಂಗಾಗಲಿಲ್ಲ" ಎಂದು ಅವ್ವ ತೀರ್ಪು ಕೊಟ್ಟಳು, ಮತ್ತು ಅದರ ಹೊಟ್ಟೆಯನ್ನು ಹಗಲು ಹೊತ್ತಿನಲ್ಲಿಯೇ ಖಾಲಿ ಮಾಡಬೇಕು ಎಂದೂ ಸೇರಿಸಿದಳು. ಕೊಳ್ಳಬೇಕೋ ಬೇಡವೋ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಗಿರಿಜಾ ಖೋಲಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಯಂತ್ರವೇನೋ ಬಂತು, ನಡೆಸುವವರು ಯಾರು? ಅವ್ವ ಕರೆಂಟಿನ ವಸ್ತು ಮುಟ್ಟುವುದಿಲ್ಲ. ಗಿರಿಜಾಳ ಕೈಯಲ್ಲಿ ಕುಚ್ಚು, ಸಹನಾಳ ಕೈಯಲ್ಲಿ ಪುಸ್ತಕ. ವೈರ್ ಇರುವ ವಸ್ತುಗಳ ಖಾತೆ ಯಾರದೆಂದು ಎಲ್ಲರೂ ನನ್ನ ಕಡೆ ನೋಡಿದರು. ನನಗೂ ಬೇಸರವೇನಿರಲಿಲ್ಲ. ಸ್ವಿಚ್ಚು, ಗಾಲಿ, ಗರ್ಜನೆ ಎಲ್ಲ ಇರುವುದರಿಂದ ಅದು ಮನೆಗೆಲಸ ಎನಿಸದೆ ವಾಹನ ಚಾಲನೆ ಎನಿಸುತ್ತಿತ್ತು. ಪ್ರತಿ ಸಂಜೆ ಲುಂಗಿ ಮೇಲಕ್ಕೆ ಕಟ್ಟಿ, ಪಡಸಾಲೆಯಲ್ಲಿ ಅದನ್ನು ಉದ್ದಕ್ಕೂ ಅಡ್ಡಕ್ಕೂ ಓಡಿಸಿದೆ. ಬಾಗಿಲಲ್ಲಿ ಯಾರಾದರೂ ನಿಂತು ನೋಡಿದರೆ ನಿರ್ವಾತದ ತತ್ವವನ್ನೂ ಹೇಳಿದೆ. ಎಳೆಗಳನ್ನು ಅದು ಎಳೆಯುತ್ತಿದ್ದದ್ದು ನಿಜ. ಆದರೆ ಎಳೆದ ಎಳೆಗಳೆಲ್ಲ ಹೊಟ್ಟೆಗೆ ಹೋಗದೆ ಮೂತಿಯಲ್ಲಿ ತಿರುಗುವ ಬ್ರಷ್ಷಿಗೆ ಸುತ್ತಿಕೊಳ್ಳುತ್ತಿದ್ದವು. ದಿನಾಲು ಅದನ್ನು ಮಗುಚಿ ಹಾಕಿಕೊಂಡು, ಬ್ಲೇಡಿನಿಂದ ಕತ್ತರಿಸಿ, ಚಿಮಟಿಗೆಯಿಂದ ಕಿತ್ತು ತೆಗೆಯುತ್ತ ನೆಲದ ಮೇಲೆ ಕೂಡುವುದು ನನ್ನ ಸಂಜೆಯ ಉದ್ಯೋಗವಾಯಿತು. ಕಸ್ತೂರಿ ಹೋಗುವಾಗ ಬಗ್ಗಿ ನೋಡಿ, "ಮಾಸ್ತರೂ ಕುಚ್ಚ ಕಟ್ಟಾಕ ಕುಂತಾರಲ್ರಿ" ಎಂದು ನಗುತ್ತಿದ್ದಳು. ಕೆಲವು ವಾರಗಳಾದ ಮೇಲೆ ಒಂದು ಸಂಜೆ ಸುಟ್ಟ ವಾಸನೆ ಬಂತು, ಗರ್ಜನೆ ನಿಂತಿತು. ಮಲ್ಲಣ್ಣ ಅದನ್ನು ಬಿಚ್ಚಿ ನೋಡಿ, "ಮಾಸ್ತರ, ಇದರಾಗ ನೀವು ಒಂದು ಸೀರಿ ನೇದ ಬಿಟ್ಟೀರಿ" ಎಂದರು. ಬದಲಿ ಸಾಮಾನು ಹುಬ್ಬಳ್ಳಿಯಿಂದ ಬರಬೇಕು, ಯಾವಾಗ ಬರುತ್ತದೋ ಹೇಳಲಾಗದು ಎಂದರು.

ಎರಡೇ ದಿನಕ್ಕೆ ಎಳೆಗಳು ಮತ್ತೆ ಮನೆ ತುಂಬಿದವು. ಮೂರನೆಯ ಸಂಜೆ ಹೆಣ್ಣುಮಕ್ಕಳು ಹೋದ ಮೇಲೆ ಗಿರಿಜಾ ಕೊನೆಯ ಸೀರೆಗೆ ಕುಚ್ಚು ಕಟ್ಟುತ್ತಲೇ, "ನಾಳೆ ಆ ಖೋಲಿ ಕೀಲಿ ಇಸ್ಕೊಂಡು ಬರ್ತೇನ್ರಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಲ್ಲದೆ ಅವಳು ಹೇಳಿದ ಮಾತು ಎಂದೂ ತಿರುಗುವುದಿಲ್ಲವೆಂದು ನನಗೆ ಗೊತ್ತು, ಅವ್ವನಿಗೂ ಗೊತ್ತು. ಅವ್ವ ಮೊಣಕಾಲು ಹಿಡಿದು ಮೇಲೆದ್ದಳು. ದೇವರ ಮುಂದೆ ಕೂಡಲು ಹೋಗುತ್ತಾಳೇನೋ ಎಂದುಕೊಂಡೆ. ಅವಳು ಬಾಗಿಲ ಹಿಂದೆ ಹೋಗಿ ಕಸಬರಿಗೆ ತಂದು ನನ್ನ ಮುಂದೆ ಹಿಡಿದಳು.

"ಹೊಡಿ."

"ದೀಪಾ ಹಚ್ಚಿ ತಾಸಾತಲ್ಲವ್ವಾ?"

"ಹಚ್ಚೇನಿ. ನೀ ಹೊಡಿ."

"ಲಕ್ಷ್ಮಿ ಹೋಗತಾಳಂತಿದ್ದಿ?"

"ಹೆಣ್ಮಕ್ಕಳು ಹೊಡದ್ರ ಹೋಗತಾಳ. ನಮ್ಮತ್ತಿ ಹೇಳಿದ್ದು ನನಗ, ನಮ್ಮ ಮಾವಗಲ್ಲ. ಗಂಡಸರು ಹೊಡಿಬಾರದು ಅಂತ ಯಾರೂ ಹೇಳಿಲ್ಲ."

ನಾನು ಗಿರಿಜಾಳ ಕಡೆ ನೋಡಿದೆ. ಅವಳು ಬಹಳ ಶ್ರದ್ಧೆಯಿಂದ ಒಂದೇ ಗಂಟನ್ನು ಎರಡೆರಡು ಸಲ ಕಟ್ಟುತ್ತಿದ್ದಳು. "ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲ? ಆ ಮಷೀನ ತರೂದರ ತಪ್ಪತಿತ್ತು" ಎಂದೆ.

"ನೀ ಎಂದರ ಕಸಬರಿಗಿ ಹಿಡದಿದ್ದೇನು, ಹೇಳಾಕ? ಮಷೀನ ಬಂದ ಮ್ಯಾಲೆ ಗೊತ್ತಾತು, ನಿನಗೂ ಕಸಾ ತಗಿಯಾಕ ಬರ್ತೈತಿ ಅಂತ."

ವಿಜ್ಞಾನದ ಮಾಸ್ತರನಾಗಿ ನಾನು ಕೊನೆಯ ಪ್ರಯತ್ನ ಮಾಡಿದೆ. "ಕಸಾ ಯಾರ ಹೊಡದ್ರೂ ಒಂದ ಅಲ್ಲವ್ವಾ? ಗಂಡಸಿನ ಕೈ ಯಾವುದು, ಹೆಂಗಸಿನ ಕೈ ಯಾವುದು ಅಂತ ಲಕ್ಷ್ಮಿಗೆ ಹೆಂಗ ಗೊತ್ತಾಗತೈತಿ?"

"ಗೊತ್ತಾಗದ ಏನು?" ಎಂದಳು ಅವ್ವ. "ನಿನ್ನ ಕೈಯಾಗ ಲಕ್ಷ್ಮಿ ಎಂದ ನಿಂತಾಳ, ಈಗ ಹೋಗಾಕ?"

ಗಿರಿಜಾ ಸೆರಗು ಬಾಯಿಗೆ ಒತ್ತಿಕೊಂಡಳು. ಒಳಗಿನ ಕೋಣೆಯಲ್ಲಿ ಓದುತ್ತಿದ್ದಾಳೆಂದು ನಾನು ನಂಬಿದ್ದ ಸಹನಾ ಗಟ್ಟಿಯಾಗಿ ನಕ್ಕಳು. ನಾನು ಕಸಬರಿಗೆಯನ್ನು ತಿರುಗಿಸಿ ನೋಡಿದೆ. ಅದಕ್ಕೆ ವೈರ್ ಇರಲಿಲ್ಲ. ಬಗ್ಗಿ ಒಂದು ಮೂಲೆಯಿಂದ ಶುರುಮಾಡಿದೆ. ಸ್ವಲ್ಪ ಹೊತ್ತಾದ ಮೇಲೆ ಗಿರಿಜಾ, "ಕಪಾಟಿನ ಬುಡಕೂ ಹೊಡೀರಿ" ಎಂದಳು. ಖೋಲಿಯ ಕೀಲಿ ತರಲು ಅವಳು ಮರುದಿನ ಹೋಗಲಿಲ್ಲ, ಆಮೇಲೆಯೂ ಹೋಗಲಿಲ್ಲ.

ಸಾಮಾನು ಹುಬ್ಬಳ್ಳಿಯಿಂದ ಬಂದು, ಯಂತ್ರ ರಿಪೇರಿಯಾಗಿ ಮನೆಗೆ ಮರಳಿತು. ನಾನು ಆಸೆಯಿಂದ ಪಿನ್ನು ಚುಚ್ಚಲು ಹೋದಾಗ ಅವ್ವ, "ಅದು ಭಾಳ ಗದ್ದಲಾ ಮಾಡತೈತಿ, ಮಾತ ಕೇಳಸಂಗಿಲ್ಲ. ನಿನ್ನ ಕಸಬರಿಗೀನ ಛಲೋ ಐತಿ" ಎಂದಳು. ಹೀಗಾಗಿ ಅದು ಈಗ ಕಪಾಟಿನ ಮೇಲೆ, ಮಲ್ಲಣ್ಣ ಹಾಕಿಕೊಟ್ಟ ಹೊಸ ಪ್ಲಾಸ್ಟಿಕ್ ಚೀಲದಲ್ಲಿ ಕುಳಿತಿದೆ. ಮೊನ್ನೆ ನಮ್ಮ ಶಾಲೆಯ ಗಣಿತದ ಮಾಸ್ತರರು ಬಂದಿದ್ದಾಗ ತಲೆಯೆತ್ತಿ ಅದನ್ನು ನೋಡಿ, ತಮಗೂ ಒಂದು ಕೊಳ್ಳಬೇಕಾಗಿದೆ, ಹೇಗಿದೆ ಎಂದು ಕೇಳಿದರು. ನಾನು ಕಸಬರಿಗೆಯನ್ನು ಮೆಲ್ಲಗೆ ಬಾಗಿಲ ಹಿಂದೆ ಸರಿಸುತ್ತ ಹೇಳಿದೆ: "ಭಾಳ ನಂಬಿಕಸ್ತ ಮಷೀನ್ರಿ. ರಿಪೇರಿ ಆಗಿ ಬಂದಾಗಿಂದ ಒಮ್ಮೆನೂ ಕೆಟ್ಟಿಲ್ಲ."